ವೇದಾವತಿ ನದಿಯ ಮೀನುಗಳು

ವೇದಾವತಿ ನದಿಯಲ್ಲಿ, ಅದರ ಉಪನದಿಗಳಲ್ಲಿ ಮತ್ತು ಆ ಹರಿವಿಗೆ ಹೊಂದಿಕೊಂಡ ಕೆರೆ, ಜಲಾಶಯಗಳಲ್ಲಿ ವಾಸಿಸುವ ಸಿಹಿನೀರಿನ ಮೀನುಗಳನ್ನು ಈ ಲೇಖನ ವಿವರಿಸುತ್ತದೆ. ವೇದಾವತಿಯನ್ನು ಕೆಳಭಾಗದಲ್ಲಿ ಹಗರಿ ಎಂದೂ ಕರೆಯುತ್ತಾರೆ. ಇದು ತುಂಗಭದ್ರೆಯ ಉಪನದಿಯಾಗಿದ್ದು, ಕೃಷ್ಣಾ ಜಲಾನಯನ ಪ್ರದೇಶಕ್ಕೆ ಸೇರಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಮುಖ್ಯ ನದಿಯೂ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅದರ ಉಪನದಿಯಾದ ಚಿನ್ನ ಹಗರಿಯೂ ಹರಿಯುತ್ತವೆ. ಇವೆರಡೂ ರಾಜ್ಯದ ಅತ್ಯಂತ ಒಣ ತಾಲ್ಲೂಕುಗಳ ಸಾಲಿನಲ್ಲಿವೆ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಇಲ್ಲಿನ ನದಿಪಾತ್ರ ಬರಿಯ ಮರಳಾಗಿರುವುದರಿಂದ, ಉಳಿದಿರುವ ಮೀನುಗಳು ಬಹುಮಟ್ಟಿಗೆ ಹರಿವಿಲ್ಲದ ಕಾಲವನ್ನು ಸಹಿಸಿಕೊಳ್ಳಬಲ್ಲ ಪ್ರಭೇದಗಳಾಗಿವೆ. ಇವುಗಳ ಅಳಿವು ಉಳಿವು ಬೇಸಿಗೆಯಲ್ಲಿ ನೀರು ನಿಲ್ಲುವ ಮಡುಗಳನ್ನು ಮತ್ತು ಕೆರೆಗಳನ್ನು ಅವಲಂಬಿಸಿದೆ.

## ನದಿಯ ಸ್ವರೂಪ

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮೇಲ್ಭಾಗದಲ್ಲಿ ಅಯ್ಯನಕೆರೆ, ಮದಗದ ಕೆರೆಗಳಂಥ ಹಳೆಯ ದೊಡ್ಡ ಕೆರೆಗಳು ಇದೇ ನೀರಿನಿಂದ ತುಂಬುತ್ತವೆ. ಮುಂದೆ ನದಿಯು ಹೊಸದುರ್ಗ ತಾಲ್ಲೂಕನ್ನು ದಾಟಿ, ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. ಅಣೆಕಟ್ಟಿನ ಕೆಳಗೆ ಸುವರ್ಣಮುಖಿಯನ್ನು ಕೂಡಿಕೊಂಡು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಭಾಗದಲ್ಲಿ ಹರಿದು ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆ. ಅಲ್ಲಿ ಭೈರವಾನಿತಿಪ್ಪ ಜಲಾಶಯವನ್ನು ದಾಟಿ ಮತ್ತೆ ಬಳ್ಳಾರಿ ಸೀಮೆಗೆ ಬಂದು, ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಈ ಸಂಗಮವು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕೆಳಭಾಗದಲ್ಲಿದೆ.

ಜಗಳೂರು ಕಡೆಯಿಂದ ಬರುವ ಚಿನ್ನ ಹಗರಿಗೆ ಜನಗಹಳ್ಳ ಎಂಬ ಹೆಸರೂ ಇದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇದಕ್ಕೆ ಅಡ್ಡಲಾಗಿ ರಂಗಯ್ಯನದುರ್ಗ ಜಲಾಶಯವನ್ನು ಕಟ್ಟಲಾಗಿದೆ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳು ಇದೇ ಹಳ್ಳದ ನೆರೆಯಲ್ಲಿವೆ. ಮಳೆಗಾಲದಲ್ಲಷ್ಟೇ ಹರಿಯುವ ಈ ನೀರಿನ ಆಸರೆಯಲ್ಲಿ ಜನವಸತಿ ಎಷ್ಟು ಹಿಂದಿನಿಂದ ಇದೆ ಎಂಬುದಕ್ಕೆ ಅವು ಸಾಕ್ಷಿಯಾಗಿವೆ.

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಪ್ರದೇಶಕ್ಕೆ ಮುಂಗಾರು ಕಡಿಮೆ ಮಳೆ ತರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ರೈತರ ಲೆಕ್ಕದಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ, ಹಳ್ಳಗಳಿಗೆ ಹೊಸನೀರು ಬರುವುದು ಹೆಚ್ಚು. ಸಿಹಿನೀರಿನ ಬಹುತೇಕ ಗೆಂಡೆ ಜಾತಿಯ ಮೀನುಗಳು ಹೊಸನೀರಿನ ಏರಿಕೆಯನ್ನು ಅನುಸರಿಸಿ ಮೊಟ್ಟೆಯಿಡುತ್ತವೆ. ಹೀಗಾಗಿ ಇಲ್ಲಿ ಹರಿವು ತಡವಾದರೆ ಮರಿಗಳು ಬೆಳೆಯಲು ದೊರೆಯುವ ಅವಧಿಯೂ ಮೊಟಕಾಗುತ್ತದೆ. ಹರಿವೇ ಬಾರದ ವರ್ಷಗಳಲ್ಲಿ ಅಂತಹ ಮೀನುಗಳ ಒಂದು ತಲೆಮಾರೇ ತಪ್ಪಿಹೋಗುವುದುಂಟು.

## ಆವಾಸಸ್ಥಾನಗಳು

ವೇದಾವತಿ ಕಣಿವೆಯಲ್ಲಿ ಮೀನುಗಳು ವಾಸಿಸುವ ನೆಲೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

* ಮೇಲ್ಭಾಗದ ಹೊಳೆಗಳು: ಬೆಟ್ಟದ ತಪ್ಪಲಿನ ಕಲ್ಲುಹಾಸಿನ ತೊರೆಗಳು. ಇಲ್ಲಿ ಆಮ್ಲಜನಕ ಹೆಚ್ಚು, ನೀರು ತಂಪು.
* ಜಲಾಶಯಗಳು: ವಾಣಿವಿಲಾಸ ಸಾಗರ ಇವುಗಳಲ್ಲಿ ಅತಿ ದೊಡ್ಡದು. ಆಳವಾದ ನಿಂತ ನೀರು ವರ್ಷವಿಡೀ ದೊರೆಯುವುದರಿಂದ ಇದು ಇಡೀ ಕಣಿವೆಯ ಮೀನುಗಳಿಗೆ ಮುಖ್ಯ ಆಸರೆಯಾಗಿದೆ.
* ಕೆರೆಗಳು: ಬಹುಪಾಲು ಕೆರೆಗಳು ಕೆಲವು ತಿಂಗಳು ಮಾತ್ರ ನೀರು ಹಿಡಿದು ಬೇಸಿಗೆಯಲ್ಲಿ ಬತ್ತುತ್ತವೆ.
* ನದಿಪಾತ್ರದ ಮಡುಗಳು: ಹರಿವು ನಿಂತ ಮೇಲೆ ಬಂಡೆಗಳ ಬುಡದಲ್ಲಿ, ತಿರುವುಗಳಲ್ಲಿ ಮತ್ತು ಚೆಕ್‌ಡ್ಯಾಂಗಳ ಹಿಂದೆ ಉಳಿಯುವ ನೀರಿನ ಗುಂಡಿಗಳು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೊನೆಯ ಎರಡು ನೆಲೆಗಳೇ ಪ್ರಧಾನವಾಗಿವೆ. ಮೇಲೆ ಹರಿವು ಕಾಣದಿದ್ದರೂ ಮರಳಿನೊಳಗೆ ನೀರು ನಿಧಾನವಾಗಿ ಚಲಿಸುತ್ತಿರುತ್ತದೆ. ಮರಳನ್ನು ತೋಡಿ ಒರತೆ ತೆಗೆದು ಕುಡಿಯುವ ನೀರು ಪಡೆಯುವ ಹಳೆಯ ರೂಢಿಗೆ ಇದೇ ಆಧಾರ. ಮಡುಗಳು ಬೇಸಿಗೆಯವರೆಗೆ ಉಳಿಯುವುದೂ ಈ ಒಳಹರಿವಿನಿಂದಲೇ.

## ಪ್ರಮುಖ ಪ್ರಭೇದಗಳು

ದಖ್ಖನಿನ ಮೀನುಗಳ ವೈಜ್ಞಾನಿಕ ಅಧ್ಯಯನ ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾಯಿತು. ಸೈಕ್ಸ್ ದಖ್ಖನಿನ ಮೀನುಗಳನ್ನು ವಿವರಿಸಿದನು. ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಬರೆದನು. ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಭಾರತದ ಮೀನುಗಳ ಕುರಿತ ಬೃಹತ್ ಗ್ರಂಥವನ್ನು ಪ್ರಕಟಿಸಿದನು. ಹಳೆಯ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್ ಅವರು 1920ರಲ್ಲಿ ಗೆಂಡೆ ವರ್ಗದ ಹೊಸ ಪ್ರಭೇದಗಳನ್ನು ವಿವರಿಸಿದರು. ಕೆಳಗೆ ಹೆಸರಿಸಿರುವ ಸ್ಥಳೀಯ ಮೀನುಗಳು ವೇದಾವತಿಯನ್ನೊಳಗೊಂಡ ಕೃಷ್ಣಾ ಕಣಿವೆಯ ಬಯಲುಸೀಮೆಯಲ್ಲಿ ವ್ಯಾಪಕವಾಗಿ ಹರಡಿರುವಂಥವು. ಸ್ಥಳೀಯ ಹೆಸರುಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಆಂಧ್ರದ ಗಡಿಗೆ ಹೊಂದಿದ ಹಳ್ಳಿಗಳಲ್ಲಿ ತೆಲುಗು ಹೆಸರುಗಳೂ ಬಳಕೆಯಲ್ಲಿವೆ.

### ಗೆಂಡೆ ವರ್ಗ

ಸಂಖ್ಯೆಯಲ್ಲಿ ಅತಿ ದೊಡ್ಡ ಗುಂಪು ಸಿಪ್ರಿನಿಡೇ ಮತ್ತು ಅದರ ಹತ್ತಿರದ ಕುಟುಂಬಗಳದು. ಲೇಬಿಯೊ ಫಿಂಬ್ರಿಯೇಟಸ್, ಲೇಬಿಯೊ ಕಲ್ಬಾಸು, ಲೇಬಿಯೊ ಬೊಗ್ಗಟ್ ಮತ್ತು ಸಿರ್ರೈನಸ್ ರೆಬಾ ಇವು ಆಹಾರಕ್ಕೆ ಒದಗುವ ಮಧ್ಯಮ ಹಾಗೂ ದೊಡ್ಡ ಗಾತ್ರದ ಮೀನುಗಳು. ಇವು ತಳದ ಪಾಚಿ ಮತ್ತು ಕೊಳೆತ ಸಸ್ಯಾಂಶಗಳನ್ನು ತಿನ್ನುತ್ತವೆ ಹಾಗೂ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲೇರುತ್ತವೆ. ಆದ್ದರಿಂದ ಹರಿವು ಕಡಿದುಹೋದಾಗ ಮೊದಲು ತೊಂದರೆಗೊಳಗಾಗುವ ಮೀನುಗಳೂ ಇವೇ.

ಪುಂಟಿಯಸ್ ಸೋಫೋರ್, ಪೆಥಿಯಾ ಟಿಕ್ಟೊ, ರಾಸ್ಬೊರಾ ಡಾನಿಕೋನಿಯಸ್ ಮತ್ತು ಆಂಬ್ಲಿಫಾರಿಂಗೊಡಾನ್ ಮೋಲಾ ಬೆರಳುದ್ದದ ಸಣ್ಣ ಮೀನುಗಳು. ಇವು ಬೇಗನೆ ಪ್ರಾಯಕ್ಕೆ ಬಂದು, ಕೆರೆಯ ಅಂಚಿನ ಜೊಂಡಿನಲ್ಲಿಯೇ ಸಂತಾನೋತ್ಪತ್ತಿ ಮಾಡಬಲ್ಲವು. ದೂರದ ವಲಸೆ ಇವುಗಳಿಗೆ ಬೇಕಾಗಿಲ್ಲ. ಸಿಸ್ಟೋಮಸ್ ಸರಾನಾ ಇವುಗಳಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಗಾರ್ರಾ ಮುಲ್ಯಾ ಎಂಬ ಸಣ್ಣ ಮೀನು ಬಾಯಿಯ ಕೆಳಗಿನ ಹೀರುಬಿಲ್ಲೆಯಿಂದ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಇದು ಕಲ್ಲುಹಾಸಿನ ಹರಿಯುವ ನೀರಿನ ಮೀನು.

### ಮೀಸೆ ಮೀನುಗಳು

ಬಾಯಿಯ ಸುತ್ತ ಮೀಸೆಯಂಥ ಸ್ಪರ್ಶಾಂಗಗಳುಳ್ಳ, ಹುರುಪೆಯಿಲ್ಲದ ಮೀನುಗಳು ಈ ಗುಂಪಿಗೆ ಸೇರುತ್ತವೆ. ಬಾಳೆ ಮೀನು (ವಲ್ಲಾಗೊ ಅಟ್ಟು) ಇವುಗಳಲ್ಲಿ ದೊಡ್ಡದು. ಇದು ಇತರ ಮೀನುಗಳನ್ನು ತಿನ್ನುವ ಬೇಟೆಗಾರ ಪ್ರಾಣಿ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) ಇದನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದವೆಂದು ವರ್ಗೀಕರಿಸಿದೆ. ಓಂಪಾಕ್ ಬೈಮಾಕ್ಯುಲೇಟಸ್ ಹಾಗೂ ಮಿಸ್ಟಸ್ ಕುಲದ ಗಿರ್ಲು ಮೀನುಗಳು ಇದೇ ಗುಂಪಿನವು. ಚೇಳು ಮೀನಿನ (ಹೆಟೆರೊಪ್ನ್ಯೂಸ್ಟಸ್ ಫಾಸಿಲಿಸ್) ಎದೆಯ ರೆಕ್ಕೆಯ ಮುಳ್ಳು ವಿಷಯುಕ್ತವಾಗಿದ್ದು, ಚುಚ್ಚಿದರೆ ತೀವ್ರ ನೋವಾಗುತ್ತದೆ. ಹೆಸರು ಬಂದಿರುವುದೂ ಅದರಿಂದಲೇ.

### ಕೊರಮೀನು ವರ್ಗ

ಚನ್ನಾ ಕುಲದ ಮೀನುಗಳಿಗೆ ತಲೆಯ ಆಕಾರದಿಂದಾಗಿ ಹಾವಿನ ತಲೆಯ ಮೀನುಗಳೆಂದು ಹೆಸರು. ಚನ್ನಾ ಸ್ಟ್ರಯೇಟಾ (ಕೊರಮೀನು ಅಥವಾ ಕುಚ್ಚು ಮೀನು), ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆಯಿರುವ ಚನ್ನಾ ಮರುಲಿಯಸ್ (ಹೂಮೀನು), ಚಿಕ್ಕ ಗಾತ್ರದ ಚನ್ನಾ ಪಂಕ್ಟೇಟಾ ಮತ್ತು ಚನ್ನಾ ಗಾಚುವಾ ಮುಖ್ಯವಾದವು. ಇವು ಮೊಟ್ಟೆಯನ್ನೂ ಮರಿಗಳನ್ನೂ ಕಾಯುತ್ತವೆ. ಮರಿಗಳು ಒಂದೇ ಗುಂಪಾಗಿ ನೀರಿನ ಮೇಲ್ಮೈಗೆ ಬಂದುಹೋಗುವಾಗ ತಾಯಿ ಅಥವಾ ತಂದೆ ಮೀನು ಕೆಳಗಿರುತ್ತದೆ. ಮರಿಗಳ ಆ ಗುಂಪನ್ನು ನೋಡಿ ದೊಡ್ಡ ಮೀನನ್ನು ಹಿಡಿದುಬಿಟ್ಟರೆ, ಕಾವಲಿಲ್ಲದ ಮರಿಗಳೂ ಇತರ ಮೀನುಗಳ ಪಾಲಾಗುತ್ತವೆ. ಜೀವಂತವಾಗಿ ಮಾರುಕಟ್ಟೆಗೆ ತರಬಹುದಾದ್ದರಿಂದ ಕೊರಮೀನಿಗೆ ಸಾಮಾನ್ಯವಾಗಿ ಗೆಂಡೆಗಿಂತ ಹೆಚ್ಚಿನ ಬೆಲೆಯಿದೆ.

### ಇತರೆ

ಹಾವಿನಂತೆ ಉದ್ದವಾಗಿದ್ದು ಬೆನ್ನಿನ ಮೇಲೆ ಮುಳ್ಳುಗಳ ಸಾಲಿರುವ ಮಾಸ್ಟಸೆಂಬೆಲಸ್ ಆರ್ಮೇಟಸ್, ಚೂರಿಯ ಆಕಾರದ ನೊಟೊಪ್ಟೆರಸ್ ನೊಟೊಪ್ಟೆರಸ್, ಮೈ ಪಾರದರ್ಶಕವಾಗಿರುವ ಪರಾಂಬಾಸಿಸ್ ರಂಗಾ, ಮರಳಿನಲ್ಲಿ ಹುದುಗುವ ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್ ಇವು ಬಯಲಿನ ಕೆರೆ ಮತ್ತು ಹೊಳೆಗಳ ಮೀನುಗಳು. ಗ್ಲಾಸೊಗೋಬಿಯಸ್ ಗಿಯುರಿಸ್ ಎಂಬ ಮೀನು ವಿಶೇಷವಾದದ್ದು. ಸಮುದ್ರದ ಉಬ್ಬರವಿಳಿತ ತಲುಪುವ ಅಳಿವೆಗಳಿಂದ ಹಿಡಿದು ಒಳನಾಡಿನ ಕೆರೆಗಳವರೆಗೂ ಇದು ವಾಸಿಸಬಲ್ಲದು.

## ಬೇಸಿಗೆಯನ್ನು ಕಳೆಯುವ ಬಗೆ

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಕುಗ್ಗುತ್ತಿರುವ ಮಡುವಿನಲ್ಲಿ ಮೀನುಗಳು ಒತ್ತೊತ್ತಾಗಿ ಸೇರುವುದರಿಂದಲೂ ಎಲೆಗಳು ಕೊಳೆಯುವುದರಿಂದಲೂ ಈ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಕಿವಿರುಗಳನ್ನು ಮಾತ್ರ ನೆಚ್ಚಿಕೊಂಡ ಮೀನುಗಳು ಬೆಳಗಿನ ಜಾವ ಬಾಯ್ದೆರೆದು ತೇಲುವುದು ಇದರ ಸೂಚನೆ. ಬರದ ನಾಡಿನ ಹಲವು ಮೀನುಗಳು ನೇರವಾಗಿ ಗಾಳಿಯಿಂದ ಉಸಿರೆಳೆಯುವ ಅಂಗಗಳನ್ನು ಪಡೆದಿವೆ.

| ಮೀನು | ಗಾಳಿಯ ಉಸಿರಾಟ ಅಥವಾ ಬದುಕುಳಿಯುವ ವಿಧಾನ |
|---|---|
| ಚೇಳು ಮೀನು | ಕಿವಿರಿನ ಕೋಣೆಯಿಂದ ಬೆನ್ನಿನುದ್ದಕ್ಕೆ ಚಾಚಿದ ಒಂದು ಜೊತೆ ಗಾಳಿಚೀಲಗಳು |
| ಕ್ಲಾರಿಯಸ್ ಕುಲದ ಮೀನುಗಳು | ಕಿವಿರಿನ ಮೇಲೆ ಮರದ ಕವಲುಗಳಂತೆ ಹರಡಿದ ಉಸಿರಾಟದ ಅಂಗ |
| ಕೊರಮೀನು | ಕಿವಿರಿನ ಮೇಲಿನ ಗಾಳಿಕೋಣೆ. ತೇವವಿರುವ ಕೆಸರಿನಲ್ಲಿ ಹುದುಗಿ ಕಾಯುತ್ತದೆ |
| ನೊಟೊಪ್ಟೆರಸ್ | ಗಾಳಿಬುರುಡೆಯ ಮೂಲಕ ಉಸಿರಾಟ |
| ಲೆಪಿಡೊಸೆಫಾಲಿಕ್ತಿಸ್ | ನುಂಗಿದ ಗಾಳಿಯಿಂದ ಕರುಳಿನಲ್ಲಿ ಆಮ್ಲಜನಕ ಹೀರಿಕೆ |
| ಪುಂಟಿಯಸ್ ಮತ್ತು ಇತರ ಸಣ್ಣ ಗೆಂಡೆಗಳು | ಗಾಳಿಯ ಉಸಿರಾಟವಿಲ್ಲ. ಉಳಿದ ಕೆಲವೇ ಮೀನುಗಳಿಂದ ಬೇಗನೆ ಸಂತಾನ ವೃದ್ಧಿ |

ಈ ಸಾಮರ್ಥ್ಯಕ್ಕೂ ಮಿತಿಯಿದೆ. ಕೊರಮೀನು ಕೆಸರಿನಲ್ಲಿ ಬದುಕಲು ಕೆಸರು ತೇವವಾಗಿರಬೇಕು. ತಳ ಸಂಪೂರ್ಣ ಒಣಗಿ ಬಿರುಕುಬಿಟ್ಟರೆ ಅಥವಾ ಬೇಸಿಗೆಯಲ್ಲಿ ಹೂಳನ್ನು ಅಗೆದು ಸಾಗಿಸಿದರೆ ಅದೂ ಉಳಿಯುವುದಿಲ್ಲ. ಆಫ್ರಿಕಾದ ಶ್ವಾಸಕೋಶ ಮೀನುಗಳಂತೆ ಒಣಮಣ್ಣಿನೊಳಗೆ ಕೋಶ ಕಟ್ಟಿಕೊಂಡು ವರ್ಷಗಟ್ಟಲೆ ಕಾಯುವ ಮೀನು ಇಲ್ಲಿಲ್ಲ. ಸಂಪೂರ್ಣ ಬತ್ತಿದ ಕೆರೆಯಲ್ಲಿ ಮಳೆಯ ನಂತರ ಮತ್ತೆ ಮೀನು ಕಾಣಿಸಿಕೊಳ್ಳಬೇಕಾದರೆ ಅದು ಮೇಲಿನ ಕೆರೆಯ ಕೋಡಿಯಿಂದ, ಹಳ್ಳದ ಮಡುವಿನಿಂದ ಅಥವಾ ಮನುಷ್ಯರ ಕೈಯಿಂದ ಬಂದಿರಬೇಕು. ಆದುದರಿಂದ ಒಂದು ಮಡುವಿನ ನಾಶವು ಅದಕ್ಕೆ ಹೊಂದಿದ ಹಲವು ಕೆರೆಗಳ ಮರುಪೂರಣವನ್ನೇ ತಪ್ಪಿಸಬಲ್ಲದು.

## ಅಣೆಕಟ್ಟುಗಳು ಮತ್ತು ವಲಸೆ

ವಾಣಿವಿಲಾಸ ಸಾಗರದ ನಿರ್ಮಾಣ 1907ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 130 ಅಡಿ. ಸಾಮರ್ಥ್ಯ ಸುಮಾರು 30 ಟಿಎಂಸಿ. ನದಿಯ ಸಹಜ ಹರಿವಿಗೆ ಹೋಲಿಸಿದರೆ ಜಲಾಶಯ ಬಹಳ ದೊಡ್ಡದಾದ್ದರಿಂದ ಕೋಡಿ ಬೀಳುವುದು ಅಪರೂಪ. 1933ರಲ್ಲಿ ಕೋಡಿ ಹರಿದ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷಗಳ ಬಳಿಕ. 2025ರ ಜನವರಿಯಲ್ಲಿ ಪುನಃ ಕೋಡಿ ಹರಿಯಿತು. ಈ ನಡುವಿನ ದೀರ್ಘ ಅವಧಿಯಲ್ಲಿ ಅಣೆಕಟ್ಟಿನ ಕೆಳಗಿನ ನದಿಯು ಸುವರ್ಣಮುಖಿ ಹಾಗೂ ಸ್ಥಳೀಯ ಹಳ್ಳಗಳ ನೀರನ್ನೂ ನಾಲೆಗಳ ಬಸಿನೀರನ್ನೂ ಆಗಾಗ ಜಲಾಶಯದಿಂದ ಬಿಟ್ಟ ನೀರನ್ನೂ ಅವಲಂಬಿಸಬೇಕಾಯಿತು. ಕೋಡಿಯ ನೀರು ಹರಿದಾಗ ಜಲಾಶಯದ ಮೀನುಗಳು ಕೆಳಕ್ಕೆ ಬರಬಲ್ಲವು. ಆದರೆ ಕೆಳಗಿನ ಮೀನುಗಳು ಅಣೆಕಟ್ಟನ್ನು ಹತ್ತಿ ಮೇಲೆ ಹೋಗಲಾರವು. ಸಂಬಂಧ ಹೀಗೆ ಒಮ್ಮುಖವಾಗಿದೆ.

ವೇದಾವತಿಯ ನೀರು ತುಂಗಭದ್ರೆ ಮತ್ತು ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಕೃಷ್ಣೆಯಲ್ಲಿ ಉಬ್ಬರವಿಳಿತದ ಪ್ರಭಾವ ನದೀಮುಖಜ ಭೂಮಿಯ ಕೆಳಭಾಗಕ್ಕೆ ಸೀಮಿತವಾಗಿದೆ. ಆದರೂ ಸಮುದ್ರ ಮತ್ತು ಒಳನಾಡಿನ ನಡುವೆ ಓಡಾಡುವ ಮೀನುಗಳಿಗೆ ಈ ನದಿವ್ಯವಸ್ಥೆ ದಾರಿಯಾಗಿತ್ತು. ಆಂಗ್ವಿಲ್ಲಾ ಬೆಂಗಾಲೆನ್ಸಿಸ್ ಎಂಬ ಹಾವುಮೀನು ಕಡಲಿನಲ್ಲಿ ಹುಟ್ಟಿ, ಮರಿಯಾಗಿ ನದಿಯೇರಿ, ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಮರಳುತ್ತದೆ. ಹಿಲ್ಸಾ ಇದಕ್ಕೆ ವಿರುದ್ಧವಾಗಿ ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ನದಿಯನ್ನೇರುತ್ತದೆ. ವಿಜಯವಾಡದ ಬಳಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಅಣೆ, ಅದರ ಬದಲಿಗೆ ಬಂದ ಪ್ರಕಾಶಂ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲ ಮತ್ತು ಸುಂಕೇಶುಲಗಳು ಈ ದಾರಿಯನ್ನು ಹಂತಹಂತವಾಗಿ ಕಡಿದಿವೆ. ವೇದಾವತಿಯಲ್ಲಿಯೇ ಭೈರವಾನಿತಿಪ್ಪ ಅಣೆಕಟ್ಟು ಮತ್ತೊಂದು ತಡೆಯಾಗಿದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ನದಿಗೆ ಅಡ್ಡಲಾಗಿ ಕಟ್ಟಿರುವ ಬ್ಯಾರೇಜು ಮತ್ತು ಚೆಕ್‌ಡ್ಯಾಂಗಳ ಪರಿಣಾಮ ಎರಡು ಬಗೆಯದು. ಅವುಗಳ ಹಿಂದೆ ನಿಲ್ಲುವ ನೀರು ಕೃತಕ ಮಡುವಿನಂತೆ ಮೀನುಗಳಿಗೆ ಆಸರೆ ಕೊಡುತ್ತದೆ ಹಾಗೂ ಅಂತರ್ಜಲವನ್ನು ಹೆಚ್ಚಿಸುತ್ತದೆ. ಅದೇ ವೇಳೆ ಕಡಿಮೆ ಹರಿವಿನ ವರ್ಷಗಳಲ್ಲಿ ಲೇಬಿಯೊ ಕುಲದಂಥ ಮೀನುಗಳು ಮೇಲೇರುವುದಕ್ಕೆ ತಡೆಯಾಗುತ್ತದೆ.

## ಹೊರಗಿನಿಂದ ತಂದ ಮೀನುಗಳು

ಇಂದು ಈ ಭಾಗದ ಮಾರುಕಟ್ಟೆಗಳಲ್ಲಿ ಹೆಚ್ಚಾಗಿ ಕಾಣುವ ಕಾಟ್ಲಾ, ರೋಹು ಮತ್ತು ಮೃಗಾಲ್ ಮೂಲತಃ ಉತ್ತರ ಭಾರತದ ನದಿಗಳ ಮೀನುಗಳು. ಇವು ನಿಂತ ನೀರಿನಲ್ಲಿ ಸಹಜವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧರಿ ಅವರು ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದಿನಿಂದ ಇವುಗಳ ಪ್ರಚೋದಿತ ಸಂತಾನೋತ್ಪತ್ತಿಯಲ್ಲಿ ಯಶಸ್ವಿಯಾದ ನಂತರ, ದೇಶದೆಲ್ಲೆಡೆ ಮೀನುಮರಿಗಳನ್ನು ಉತ್ಪಾದಿಸಿ ಕೆರೆಗಳಿಗೆ ಬಿಡುವುದು ಸಾಧ್ಯವಾಯಿತು. ಸಾಮಾನ್ಯ ಗೆಂಡೆಯನ್ನು ಭಾರತಕ್ಕೆ 1939ರಲ್ಲಿಯೂ ಅದರ ಬ್ಯಾಂಕಾಕ್ ತಳಿಯನ್ನು 1957ರಲ್ಲಿಯೂ, ಬೆಳ್ಳಿ ಗೆಂಡೆ ಮತ್ತು ಹುಲ್ಲು ಗೆಂಡೆಗಳನ್ನು 1959ರಲ್ಲಿಯೂ ತರಲಾಯಿತು. ಸಾಮಾನ್ಯ ಗೆಂಡೆಯು ಕೆರೆಯಲ್ಲಿಯೇ ಮೊಟ್ಟೆಯಿಡುತ್ತದೆ ಮತ್ತು ತಳದ ಕೆಸರನ್ನು ಕದಡುತ್ತದೆ.

1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ ಮೀನನ್ನು ಜನ ಜಿಲೇಬಿ ಮೀನು ಎನ್ನುತ್ತಾರೆ. ತಾಯಿಮೀನು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಕಾಯುವುದರಿಂದ ಮರಿಗಳು ಬದುಕುವ ಪ್ರಮಾಣ ಹೆಚ್ಚು. ಸಣ್ಣ ಕೆರೆಯನ್ನು ಕೆಲವೇ ಋತುಗಳಲ್ಲಿ ಇದು ತುಂಬಿಬಿಡಬಲ್ಲದು. ಆಫ್ರಿಕನ್ ಕ್ಯಾಟ್‌ಫಿಶ್ (ಕ್ಲಾರಿಯಸ್ ಗ್ಯಾರಿಪೈನಸ್) ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದೆ. ಗಾಳಿಯಿಂದ ಉಸಿರಾಡುವ, ಕೆಸರಿನಲ್ಲೂ ಬದುಕುವ ಈ ಬೇಟೆಗಾರ ಮೀನು ಬಯಲುಸೀಮೆಯ ಮಡುಗಳಿಗೆ ಸೇರಿದರೆ, ಸ್ಥಳೀಯ ಮೀನುಗಳಿಗಿದ್ದ ಕೊನೆಯ ಆಸರೆಯಲ್ಲೇ ಅವುಗಳಿಗೆ ಎದುರಾಳಿಯಾಗುತ್ತದೆ. ಮಲೇರಿಯಾ ಮತ್ತು ಡೆಂಗಿ ನಿಯಂತ್ರಣಕ್ಕಾಗಿ ಗ್ಯಾಂಬೂಸಿಯಾ ಹಾಗೂ ಗಪ್ಪಿ ಮೀನುಗಳನ್ನು ನೀರಿನ ತೊಟ್ಟಿ, ಬಾವಿಗಳಿಗೆ ಬಿಡುವುದುಂಟು.

## ಮೀನುಗಾರಿಕೆ

ಗಂಗಾಮತಸ್ಥರು, ಬೆಸ್ತರು ಮೊದಲಾದ ಸಮುದಾಯಗಳು ಮೀನುಗಾರಿಕೆಯನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದಿವೆ. ಗಾಳ, ಬೀಸುಬಲೆ ಮತ್ತು ಕಂಟುಬಲೆ ಸಾಮಾನ್ಯ ಸಲಕರಣೆಗಳು. ದೊಡ್ಡ ಜಲಾಶಯಗಳಲ್ಲಿ ಹರಿಗೋಲನ್ನು ಬಳಸುತ್ತಾರೆ. ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಯ ಮೂಲಕ ನೀಡಲಾಗುತ್ತದೆ. ಗುತ್ತಿಗೆ ಪಡೆದವರು ಮರಿಗಳನ್ನು ಬಿಟ್ಟು, ನೀರು ಇಳಿಯುವ ಹೊತ್ತಿಗೆ ಹಿಡಿದು ಮಾರುತ್ತಾರೆ. ಮಳೆ ಕೈಕೊಟ್ಟ ವರ್ಷ ಮರಿಗಳಿಗೆ ಮಾಡಿದ ವೆಚ್ಚವೂ ಹಿಂತಿರುಗುವುದಿಲ್ಲ.

ಮೀನು ಸಾಕಣೆಯ ಪರಿಭಾಷೆಯಲ್ಲಿ ಪುಂಟಿಯಸ್, ರಾಸ್ಬೊರಾಗಳಂಥ ಸಣ್ಣ ಮೀನುಗಳನ್ನು ಕಳೆ ಮೀನುಗಳೆಂದೂ ಕೊರಮೀನು, ಬಾಳೆ ಮೀನುಗಳನ್ನು ಪರಭಕ್ಷಕಗಳೆಂದೂ ಗುರುತಿಸಿ, ಮರಿ ಬಿಡುವ ಮೊದಲು ತೆಗೆದುಹಾಕುವ ಪದ್ಧತಿಯಿದೆ. ಸಾಕಿದ ಮೀನಿನ ಇಳುವರಿಯ ದೃಷ್ಟಿಯಿಂದ ಇದು ಲಾಭದಾಯಕ. ಆದರೆ ಮುಳ್ಳಿನ ಸಮೇತ ಇಡಿಯಾಗಿ ತಿನ್ನುವ ಸಣ್ಣ ಮೀನುಗಳು ಕ್ಯಾಲ್ಸಿಯಂನ ಉತ್ತಮ ಮೂಲವಾಗಿದ್ದು, ಆಂಬ್ಲಿಫಾರಿಂಗೊಡಾನ್ ಮೋಲಾದಲ್ಲಿ ಎ ಜೀವಸತ್ವವೂ ಸಮೃದ್ಧವಾಗಿದೆ. ಕೆರೆಯಂಚಿನಲ್ಲಿ ತಮ್ಮ ಊಟಕ್ಕಷ್ಟೇ ಹಿಡಿಯುವ ಬಡ ಕುಟುಂಬಗಳಿಗೆ ದೊರೆಯುವುದು ಈ ಮೀನುಗಳೇ.

## ಬೆದರಿಕೆಗಳು

* ಮರಳು ಗಣಿಗಾರಿಕೆ: ಮರಳಿನ ಪದರ ತೆಗೆದಾಗ ಅದರಲ್ಲಿ ಸಂಗ್ರಹವಾಗುತ್ತಿದ್ದ ನೀರೂ ಇಲ್ಲವಾಗುತ್ತದೆ. ಅಗೆದ ಗುಂಡಿಗಳಲ್ಲಿ ಮಳೆಗಾಲದಲ್ಲಿ ನೀರು ನಿಂತರೂ ಒಳಹರಿವಿನ ಬೆಂಬಲವಿಲ್ಲದೆ ಅವು ಬೇಗ ಬತ್ತುತ್ತವೆ.
* ಅಂತರ್ಜಲದ ಕುಸಿತ: ನದಿದಡದ ಕೊಳವೆಬಾವಿಗಳು ಮಡುಗಳಿಗೆ ಬರಬೇಕಾದ ನೀರನ್ನು ಸೆಳೆಯುತ್ತವೆ.
* ಬಳ್ಳಾರಿ ಜಾಲಿ: ನದಿಪಾತ್ರದಲ್ಲೂ ಕೆರೆಯಂಗಳದಲ್ಲೂ ಹಬ್ಬಿದ ಈ ಗಿಡವು ಹರಿವಿಗೆ ಅಡ್ಡಿಯಾಗಿ, ಹೂಳು ಶೇಖರವಾಗಲು ಕಾರಣವಾಗುತ್ತದೆ.
* ವಿಷ ಮತ್ತು ಸ್ಫೋಟಕ: ಮಡುವಿಗೆ ವಿಷ ಹಾಕಿ ಅಥವಾ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದರಿಂದ ಮರಿ ಮತ್ತು ಮೊಟ್ಟೆಗಳೂ ನಾಶವಾಗುತ್ತವೆ. ಇದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧವಾಗಿದೆ.
* ಕೊಳಚೆ ನೀರು: ಪಟ್ಟಣಗಳ ಚರಂಡಿ ನೀರು ಹರಿವಿಲ್ಲದ ನದಿಯಲ್ಲಿ ತೆಳುವಾಗದೆ ನಿಲ್ಲುತ್ತದೆ.

## ಭದ್ರಾ ಮೇಲ್ದಂಡೆ ಯೋಜನೆ

ತುಂಗಾ ಮತ್ತು ಭದ್ರಾ ನದಿಗಳ 29.9 ಟಿಎಂಸಿ ನೀರನ್ನು ಮಧ್ಯ ಕರ್ನಾಟಕದ ಬರಪೀಡಿತ ತಾಲ್ಲೂಕುಗಳಿಗೆ ಒದಗಿಸುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರಾವರಿಯ ಜೊತೆಗೆ 367 ಕೆರೆಗಳನ್ನು ತುಂಬಿಸುವ ಉದ್ದೇಶವಿದೆ. ಅಜ್ಜಂಪುರದ ಸುರಂಗದ ಮೂಲಕ ವಾಣಿವಿಲಾಸ ಸಾಗರಕ್ಕೆ ಈಗಾಗಲೇ ನೀರು ಹರಿದಿದೆ. ಕೆರೆಗಳಲ್ಲಿ ನೀರು ನಿಲ್ಲುವ ಅವಧಿ ಹೆಚ್ಚಿದರೆ ಮೀನುಗಳಿಗೂ ಮೀನುಗಾರರಿಗೂ ಅನುಕೂಲ. ಮಲೆನಾಡಿನ ಹೊಳೆಯ ನೀರು ಬಯಲಿನ ಕೆರೆಗಳಿಗೆ ಬಂದಾಗ ಅದರೊಂದಿಗೆ ಮೊಟ್ಟೆ, ಮರಿಗಳೂ ಹೊಸ ನೆಲೆಗೆ ಬರಬಲ್ಲವು. ಎರಡೂ ನದಿಗಳು ಅಂತಿಮವಾಗಿ ತುಂಗಭದ್ರೆಗೇ ಸೇರುವುದರಿಂದ ಅವುಗಳಲ್ಲಿನ ಹಲವು ಪ್ರಭೇದಗಳು ಸಮಾನವಾಗಿವೆ.

## ಸಂರಕ್ಷಣೆ

ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ, 1996 ರಾಜ್ಯದ ಒಳನಾಡು ಮೀನುಗಾರಿಕೆಯನ್ನು ನಿಯಂತ್ರಿಸುತ್ತದೆ. ಹರಿವು ನಿರಂತರವಾಗಿರುವ ನದಿಗಳಲ್ಲಿ ಮೀನುಗಳ ರಕ್ಷಣೆಗೆ ಸಾಮಾನ್ಯವಾಗಿ ನದಿಯ ಒಂದು ಉದ್ದದ ಭಾಗವನ್ನು ಕಾಯ್ದಿರಿಸುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ದೇವಾಲಯದ ಆಶ್ರಯ ದೊರೆತಿರುವುದು ಇದರ ಹಳೆಯ ಮಾದರಿ. ವೇದಾವತಿ ಮತ್ತು ಚಿನ್ನ ಹಗರಿಗಳಂಥ ಕಾಲಿಕ ನದಿಗಳಲ್ಲಿ ಅದಕ್ಕೆ ಸಮನಾದ ಘಟಕವೆಂದರೆ ಬೇಸಿಗೆಯ ಮಡು. ಫೆಬ್ರವರಿಯಿಂದ ಮೊದಲ ಹೊಸನೀರು ಬರುವವರೆಗೆ ನೀರು ಉಳಿಯುವ ಮಡುಗಳನ್ನು ಗುರುತಿಸುವುದು, ಅವುಗಳ ಮೇಲೆ ಮತ್ತು ಕೆಳಗೆ ಮರಳು ತೆಗೆಯದಿರುವುದು, ಹೂಳೆತ್ತುವಾಗ ಕೆರೆಯ ಆಳದ ಒಂದು ಭಾಗವನ್ನು ತೇವವಾಗಿ ಬಿಡುವುದು, ಕಾವಲಿನಲ್ಲಿರುವ ಕೊರಮೀನನ್ನು ಹಿಡಿಯದಿರುವುದು ಇವು ಹೆಚ್ಚಿನ ವೆಚ್ಚವಿಲ್ಲದೆ ಸಾಧ್ಯವಾಗುವ ಕ್ರಮಗಳು. ಹಾಗೆ ಉಳಿದ ಕೆಲವು ಮೀನುಗಳೇ, ಮಳೆ ಹಿಡಿದ ವರ್ಷ ಹಳ್ಳ ಹರಿದಾಗ, ಕೆಳಗಿನ ಕೆರೆಗಳಿಗೆ ಮತ್ತೆ ಮೀನನ್ನು ತುಂಬುತ್ತವೆ.